ಟ್ರಸ್ಕಾಟ್ ಮಸಣದಲ್ಲಿ ಒಂದು ಕುಣಿ

ಸ್ಯಾನ್ ಡಿಯಾಗೋದಲ್ಲಿ ಬದುಕುವುದು ದುಬಾರಿಯೆಂದು ಎಲ್ಲರೂ ಗೊಣಗುತ್ತಾರೆ. ಸಾಯುವುದರ ಬೆಲೆ ಕೇಳಿದವರು ಕಡಿಮೆ. ಪ್ರೇಮವ್ವ ಕೇಳಿದ್ದಳು. ಊರ ಮಸಣದಲ್ಲಿ ಒಬ್ಬ ಮನುಷ್ಯ ಕಾಲು ಚಾಚುವಷ್ಟು ನೆಲಕ್ಕೆ ಹನ್ನೆರಡು ಸಾವಿರ ಡಾಲರ್. ಆ ನೆಲದೊಳಗೆ ಇಳಿಸುವ ಕಾಂಕ್ರೀಟ್ ತೊಟ್ಟಿಗೆ ಎರಡು ಸಾವಿರ, ತೊಟ್ಟಿಯೊಳಗಿನ ಮರದ ಪೆಟ್ಟಿಗೆಗೆ ಮೂರೂವರೆ ಸಾವಿರ, ಗುಂಡಿ ತೆಗೆದು ಮುಚ್ಚುವುದಕ್ಕೆ ಮತ್ತೆರಡು. ಸುಡುವುದಾದರೆ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತಿತ್ತು. ಆದರೆ ಅವಳ ಗಂಡ ಸಂಗನಬಸಪ್ಪ ಸುಡಿಸಿಕೊಳ್ಳುವ ಪೈಕಿ ಅಲ್ಲ. ಲಿಂಗಾಯತ ಮನುಷ್ಯ, ಮಣ್ಣಿನಲ್ಲಿ ಕೂರಬೇಕು. ಮಲಗುವುದಲ್ಲ, ಕೂರುವುದು. ಕಾಲು ಮಡಚಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು, ಮೂಡಣಕ್ಕೆ ಮುಖ ಮಾಡಿ.

"ಕೂರಿಸುವುದಕ್ಕೆ ಎಷ್ಟು ತಗೊಳ್ತೀರಿ?" ಎಂದು ಅವಳು ಮಸಣದ ಆಫೀಸಿನಲ್ಲಿ ಕೇಳಿದಳು. ಅಲ್ಲಿನ ಹುಡುಗಿ, ಪಾಪ, ಕಂಪ್ಯೂಟರಿನಲ್ಲಿ ಹುಡುಕಿಯೂ ನೋಡಿದಳು. ಅಂಥದ್ದೊಂದು ಬೆಲೆಯೇ ಅದರಲ್ಲಿ ಇರಲಿಲ್ಲ.

ಇದು 2022ರ ಮಾತು. ಸಂಗನಬಸಪ್ಪನ ಹೃದಯ ಆಗಲೇ ತಕರಾರು ತೆಗೆದಿತ್ತು. ಗುಳೇದಗುಡ್ಡದಿಂದ ಬಂದು ನೀರಿನ ಪಂಪುಗಳ ಎಂಜಿನಿಯರಾಗಿ ಮೂವತ್ತು ವರ್ಷ ಈ ದೇಶದಲ್ಲಿ ದುಡಿದವನು. ನಿವೃತ್ತನಾದ ಮೇಲೂ ಕೈ ಸುಮ್ಮನಿರದು. ಎಲ್ಲಿ ಯಾರ ಪಂಪು ಕೆಟ್ಟಿದೆಯೆಂದರೂ ಸ್ಪ್ಯಾನರು ಹಿಡಿದು ಹೊರಡುವನು. ಪ್ರೇಮವ್ವ ರಾಂಚೊ ಬರ್ನಾರ್ಡೊದ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಕಾರ್ಮೆಲ್ ವ್ಯಾಲಿಯವರೆಗಿನ ಕನ್ನಡದ ಮನೆಗಳಿಗೆ ಕೊಡುತ್ತಿದ್ದಳು. ಗಂಡ ಕೈ ಮಸಿ ಮಾಡಿಕೊಂಡು ಬಂದರೆ ಬೈಯುವಳು, ಬರದಿದ್ದರೆ ಎಲ್ಲಿ ಹೋದನೆಂದು ಬೈಯುವಳು.

ಹಾಗೆ ಹೋದ ಜಾಗಗಳಲ್ಲಿ ಟ್ರಸ್ಕಾಟ್ ಕಣಿವೆ ಒಂದು. ಪೂರ್ವದ ಗುಡ್ಡಗಳೊಳಗೆ ಒಂದು ಗಂಟೆಯ ದಾರಿ. ಒಂದು ಬುಗ್ಗೆ, ನಾಲ್ಕಾರು ಓಕ್ ಮರ, ಚಾಪೆಲ್ ಎನ್ನುವ ಬಣ್ಣ ಸುಲಿದ ಪುಟ್ಟ ಮರದ ಮೆಥಡಿಸ್ಟ್ ಚರ್ಚು, ಅದರ ಮಗ್ಗುಲಲ್ಲಿ ತಂತಿ ಬೇಲಿಯೊಳಗೆ ಮೂವತ್ತರಷ್ಟು ಸಮಾಧಿಕಲ್ಲು. ಅಲ್ಲಿ ಒಬ್ಬನೇ ಇದ್ದ ಮುದುಕ ವಾರೆನ್ ಟ್ರಸ್ಕಾಟ್. ಆ ಕಣಿವೆಗೆ ಮೊದಲು ಬಂದು ನೆಲೆಯೂರಿದ ಮನೆತನದ ಕೊನೆಯ ಹಿರಿಯ. ಸಂಗನಬಸಪ್ಪ ಅವನ ಪಂಪು ಎಬ್ಬಿಸಿಕೊಟ್ಟ, ದುಡ್ಡು ಬೇಡವೆಂದ. ಪ್ರೇಮವ್ವ ಕಳಿಸಿದ ಚಟ್ನಿಯನ್ನು ಮುದುಕ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಕಣ್ಣಲ್ಲಿ ನೀರು ಸುರಿಸಿ, ಇನ್ನೊಂದು ಡಬ್ಬಿ ಕೇಳಿದ. ಗೆಳೆತನ ಆಯಿತು.

ಪ್ರೇಮವ್ವ ಮೊದಲ ಸಲ ಹೋದಾಗ ವಾರೆನ್ ಅವಳಿಗೆ ಮಸಣ ತೋರಿಸಿದ. ಬೇರೆಯವರು ಮನೆ ತೋರಿಸುವ ಹಾಗೆ ತೋರಿಸಿದ.

1871ರಲ್ಲಿ ಅವನ ಮುತ್ತಜ್ಜನ ತಂದೆ ಎಜ್ರಾ ಟ್ರಸ್ಕಾಟ್ ಬಂಡಿಯಲ್ಲಿ ಹೆಂಡತಿ, ಆರು ಮಕ್ಕಳು, ಒಂದು ಬೈಬಲ್ ಹೇರಿಕೊಂಡು ಬಂದನಂತೆ. ನೀರಿದ್ದ ಖಾಲಿ ಕಣಿವೆಯನ್ನು ಕಂಡು, ದೇವರೇ ಎತ್ತಿಟ್ಟ ನೆಲವೆಂದು ಮೊಣಕಾಲೂರಿ ಅತ್ತನಂತೆ. ಮೊದಲು ಕಟ್ಟಿದ್ದು ಮನೆಯಲ್ಲ, ಚಾಪೆಲ್.

ಮಕ್ಕಳು ಬಂಡಿಯಲ್ಲಿ ಮಲಗಿರುವಾಗ ದೇವರ ಮನೆಗೆ ಇಷ್ಟೇನು ಅವಸರವೆಂದು ಪ್ರೇಮವ್ವನಿಗೆ ಅನಿಸಿತು. ಬಾಯಿಬಿಟ್ಟು ಕೇಳಲಿಲ್ಲ. ಹಿರಿಯರ ಕಥೆ ಹೇಳುವವರನ್ನು ನಡುವೆ ತಡೆಯಬಾರದು.

ಮುದುಕ ಕಲ್ಲಿನಿಂದ ಕಲ್ಲಿಗೆ ನಡೆದ. ಇವನು ಎಜ್ರಾನ ಹಿರಿಮಗ ಲೂಥರ್. ಕಾಲುವೆಯ ನೀರಿಗಾಗಿ ತಮ್ಮ ಏಮಸನೇ ಇವನನ್ನು ಈಸ್ಟರ್ ಹಬ್ಬದ ಬೆಳಿಗ್ಗೆ ಚಾಪೆಲಿನ ಮೆಟ್ಟಿಲ ಮೇಲೆ ಗುಂಡಿಕ್ಕಿ ಕೊಂದ. ಒಳಗೆ ಹಾಡು ನಿಲ್ಲಲಿಲ್ಲವಂತೆ. ಇವನು ಊರೂರು ತಿರುಗುವ ಪಾದ್ರಿ. ಪಾಪ ಒಪ್ಪಿಕೊಳ್ಳಿರೆಂದು ಪೀಠದ ಮೇಲಿಂದ ಹೇಳಿದ್ದಕ್ಕೆ ಟ್ರಸ್ಕಾಟರು ಕುದುರೆ ಚಾಟಿಯಲ್ಲಿ ಹೊಡೆದರು, ದವಡೆ ಮುರಿದು ಜ್ವರವೇರಿ ಸತ್ತ. ಇವನು ಏಮಸನ ಮಗ. ಹೆಂಡತಿ ಹೆಟ್ಟಿಯನ್ನು ದಿನಾ ತೊಗಲಿನ ಪಟ್ಟಿಯಲ್ಲಿ ಬಾರಿಸುತ್ತಿದ್ದ. ಅವಳು ಒಂದು ಮಧ್ಯಾಹ್ನ ಮಲಗಿದ್ದವನ ಕುತ್ತಿಗೆಗೆ ಕೊಡಲಿ ಹಾಕಿ, ಕೈ ತೊಳೆದುಕೊಂಡು, ಆ ಓಕ್ ಮರಕ್ಕೆ ನೇಣು ಬಿಗಿದುಕೊಂಡಳು. ಅವಳ ಕಲ್ಲು ಬೇಲಿಯ ಹೊರಗೆ.

"ನಿಮ್ಮ ಮನೆಯಲ್ಲಿ ಹಾಸಿಗೆಯ ಮೇಲೆ ಸತ್ತವರು ಯಾರೂ ಇಲ್ಲವೇ?" ಎಂದಳು ಪ್ರೇಮವ್ವ.

ವಾರೆನ್ ನಕ್ಕ. "ನಾನೇ ಮೊದಲಿಗನಾಗಬೇಕೆಂದಿದ್ದೇನೆ, ಪ್ರೇಮಾ."

ಆ ದಿನವೇ ಸಂಗನಬಸಪ್ಪ ಜಾಗ ಕೇಳಿದ. ಹಳೆಯ ಮಸಣ, ಕೌಂಟಿಯ ಅಂದರೆ ಜಿಲ್ಲಾ ಆಡಳಿತದ ಅಡ್ಡಿಯಿಲ್ಲ. ಪೆಟ್ಟಿಗೆ, ತೊಟ್ಟಿ ಯಾವುದೂ ಬೇಕಿಲ್ಲ. ವಾರೆನ್‌ಗೆ ಚಾಪೆಲಿನ ಸೂರು ಸೋರುತ್ತಿತ್ತು, ನಾಲ್ಕು ಸಾವಿರಕ್ಕೆ ಒಪ್ಪಿದ. ಗೂಟ ಹೊಡೆದು ನಾಲ್ಕಡಿ ಅಗಲ, ಎಂಟಡಿ ಉದ್ದದ ತುಂಡೊಂದನ್ನು ಗುರುತಿಸಿದ. ಚಾಪೆಲಿನ ಗೋಡೆಯಿಂದ ಒಂದಿಷ್ಟು ದೂರ ಬಿಟ್ಟು ಗೂಟ ಹೊಡೆದು, "ಈ ಕಡೆಗೆ ಬರಬೇಡಿ" ಎಂದ. ಯಾಕೆಂದು ಹೇಳಲಿಲ್ಲ. ಅಡಿಪಾಯ ಹಳೆಯದಿರಬೇಕು ಎಂದುಕೊಂಡರು ಗಂಡ ಹೆಂಡತಿ.

ಅವರು ಮೇಲಿನ ನೆಲ ಅಳೆದರು, ಒಳಗನ್ನು ಅಳೆಯಲಿಲ್ಲ. ಬೇರೆ ಯಾರ ಹೆಣಕ್ಕಾದರೂ ಮೇಲೆ ಅಳೆದಷ್ಟೇ ಒಳಗೂ ಸಾಕು, ಗುಂಡಿ ನೆಟ್ಟಗೆ ಇಳಿಯುತ್ತದೆ. ಲಿಂಗಾಯತರ ಕುಣಿ ಹಾಗಲ್ಲ. ನೆಟ್ಟಗೆ ಇಳಿದ ಮೇಲೆ ತಳದಲ್ಲಿ ಪಕ್ಕದ ಗೋಡೆಯನ್ನು ಕೊರೆದು ಒಂದು ಗೂಡು ಮಾಡಬೇಕು, ಸತ್ತವನು ಅದರೊಳಗೆ ಕೂರುತ್ತಾನೆ. ಮುಖ ಮೂಡಣಕ್ಕಾದರೆ ಗೂಡು ಪಡುವಣಕ್ಕೆ. ಪಡುವಣಕ್ಕಿದ್ದದ್ದು ಚಾಪೆಲ್.

2024ರ ಮಾರ್ಚಿನಲ್ಲಿ ಸಂಗನಬಸಪ್ಪ ಲಾಸ್ ಏಂಜಲೀಸಿನ ಮಗಳ ಮನೆಗೆ ಹೋದವನು, ಅಲ್ಲಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಮೈಬಿಸಿ ಆರುವ ಮುಂಚೆಯೇ ಕೂರಿಸಬೇಕು, ಆಸ್ಪತ್ರೆಯವರು ಒಪ್ಪಲಿಲ್ಲ. ಹೆಣ ಸಾಗಿಸುವ ಕಂಪನಿಯವನು ಮೈಯ ಸೆಟೆತ ಇಳಿದ ಮೇಲೆ ತನ್ನ ಶೆಡ್ಡಿನ ಬಾಗಿಲು ತೆರೆದುಕೊಟ್ಟ. ಪ್ರೇಮವ್ವ ತಾನೇ ಗಂಡನ ಮೊಣಕಾಲು ನೀವಿ ಮಡಚಿದಳು, ಬೆನ್ನಿಗೆ ಹಲಗೆ ಕೊಟ್ಟು ಬಟ್ಟೆಯಿಂದ ಬಿಗಿದಳು. ಮಗಳು ನಮ್ರತಾ ಬಾಗಿಲಲ್ಲಿ ನಿಂತು, "ಅವ್ವ, ಆರ್ ಯು ಓಕೆ?" ಎನ್ನುತ್ತಲೇ ಇದ್ದಳು.

"ನಿಮ್ಮಪ್ಪ ಜೀವಂತ ಇದ್ದಾಗ ಒಂದು ದಿನಾ ಇಷ್ಟು ಹೇಳಿದಂಗ ಕೇಳಿದ್ದಿಲ್ಲ" ಎಂದಳು ಪ್ರೇಮವ್ವ. ನಕ್ಕಳು, ಆಮೇಲೆ ಗೋಡೆ ಹಿಡಿದು ಅತ್ತಳು.

ಆರ್ಟೀಶಿಯಾದ ನಮ್ಮ ದೇಶದವರ ಅಂಗಡಿಯಿಂದ ವಿಭೂತಿ ಗಟ್ಟಿ ಬಂದವು. ಯಾರದೋ ಹಿತ್ತಲಿಂದ ಬಿಲ್ವಪತ್ರೆ ಬಂತು. ಗಂಡನ ತಂಗಿಯ ಮಗ ಗುರುಕಿರಣ್, ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯಲ್ಲಿ ಕೆಲಸಕ್ಕಿದ್ದವನು, ಗ್ಯಾರೇಜಿನಲ್ಲಿ ಪ್ಲೈವುಡ್ ಕೊಯ್ದು ವಿಮಾನ ಕಟ್ಟಿದ. ಹೆಣವನ್ನು ಕೂರಿಸಿ ಒಯ್ಯುವ ಮಂಟಪಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಶನಿವಾರ ಬೆಳಿಗ್ಗೆ ನಾಲ್ವರು ಕಣಿವೆಗೆ ಹೊರಟರು, ಸತ್ತವನನ್ನೂ ಸೇರಿಸಿ. ಉಳಿದ ಜನ, ಮಂತ್ರ ಹೇಳುವ ಹಿರೇಮಠದವರು, ಎಲ್ಲ ಮಧ್ಯಾಹ್ನದ ಹೊತ್ತಿಗೆ ಬರುವವರಿದ್ದರು.

ಕಣಿವೆಯಲ್ಲಿ ವಾರೆನ್‌ನ ಜತೆ, ಬೇರೆ ಊರಿನಲ್ಲಿರುತ್ತಿದ್ದ ಅವನ ಮಗ ಡೇಲ್ ಬಂದಿದ್ದ. ನಲವತ್ತೈದರ ದಪ್ಪ ಕುತ್ತಿಗೆಯ ಆಳು. ಲಾಸ್ ಏಂಜಲೀಸಿನ ಮದುವೆ ಕಂಪನಿಯೊಂದು ಚಾಪೆಲನ್ನು ಭೋಗ್ಯಕ್ಕೆ ಕೇಳಿತ್ತು. ಹಳೆಯ ಮರ, ಓಕ್ ನೆರಳು, ಫೋಟೋ ಚೆನ್ನಾಗಿ ಬರುತ್ತದೆಯಂತೆ. ಮುಂದಿನ ವಾರ ಸಹಿ. ಡೇಲ್ ಚಾಪೆಲಿನ ಮೆಟ್ಟಿಲ ಬಳಿಯ ಕಂಬಗಳಿಗೆ ಬಿಳಿ ಬಣ್ಣ ಬಳಿಯುತ್ತಿದ್ದ. ವ್ಯಾನಿನಿಂದ ಇಳಿದ ವಿಮಾನವನ್ನೂ ಅದರೊಳಗೆ ಹೂಮಾಲೆ ಹಾಕಿಕೊಂಡು ಕೂತಿದ್ದ ಮನುಷ್ಯನನ್ನೂ ಕಂಡು ಅವನ ಕುಂಚ ನಿಂತಿತು.

"ಅಪ್ಪಾ, ಇವನು ಸತ್ತಿದ್ದಾನೆ ತಾನೇ?" ಎಂದ.

"ನಿನಗಿಂತ ಮರ್ಯಾದೆಯಾಗಿ ಕೂತಿದ್ದಾನೆ. ಕೆಲಸ ನೋಡು" ಎಂದ ವಾರೆನ್.

ವಿಮಾನವನ್ನು ಕುಣಿಗೂ ಚಾಪೆಲಿನ ಮೆಟ್ಟಿಲಿಗೂ ನಡುವೆ ನೆರಳಿನಲ್ಲಿ ಇಟ್ಟರು. ಗುರುಕಿರಣ್ ಬಾಡಿಗೆಗೆ ತಂದ ಯಂತ್ರದಿಂದ ಗುಂಡಿ ಇಳಿಸಿದ. ಆಮೇಲೆ ಪ್ಯಾಂಟು ಮಡಚಿ, ಸಲಿಕೆ ಹಿಡಿದು ಒಳಗಿಳಿದು ಪಡುವಣ ಗೋಡೆ ಕೊರೆಯತೊಡಗಿದ. ವಾರೆನ್ ತನ್ನ ಮನೆಯೊಳಗೆ ಚಹಾ ಕಾಯಿಸುತ್ತಿದ್ದ, ಇದನ್ನು ನೋಡಲಿಲ್ಲ. ನೋಡಿದ್ದರೆ ಆಗಲೇ ಕೂಗುತ್ತಿದ್ದ.

"ಅತ್ತೀ, ಏನೋ ಗಟ್ಟಿ ಹತ್ತೇತಿ ಇಲ್ಲಿ."

"ಕಲ್ಲಿದ್ರ ಹಾರಿ ತಗೊಂಡು ಮೀಟೋ ಅಳಿಯಾ. ಮೀಟಾಕೂ ಯೂಟ್ಯೂಬ್ ನೋಡ್ತಿ ಏನು?"

ಅವನು ಹಾರೆ ಹಾಕಿ ಮೀಟಿದ. ಮಣ್ಣು ಗಪ್ಪನೆ ಕುಸಿಯಿತು. ಅವನು ಬಗ್ಗಿ ಕೈಯಿಂದ ಮಣ್ಣು ಸರಿಸಿದ.

"ಕಲ್ಲಲ್ರೀ ಅತ್ತಿ. ತೆಲಿ."

ಪ್ರೇಮವ್ವ ಏಣಿಯಿಂದ ಇಳಿದಳು. ಕುಸಿದ ಗೋಡೆಯ ಹಿಂದೆ ಚಾಪೆಲಿನ ಅಡಿಪಾಯದ ಕಲ್ಲು ಕಾಣುತ್ತಿತ್ತು. ಅದರ ಕೆಳಗೆ ಎಲುಬು. ಒಂದರ ಮೇಲೊಂದು, ಸೌದೆ ಒಟ್ಟಿದ ಹಾಗೆ. ಪೆಟ್ಟಿಗೆಯಿಲ್ಲ, ಅಡಿ ಮೇಲೆಂಬ ಲೆಕ್ಕವಿಲ್ಲ, ಒಬ್ಬರ ಬಾಯಿ ಇನ್ನೊಬ್ಬರ ಪಕ್ಕೆಲುಬಿನಲ್ಲಿ. ಮೇಲಿದ್ದ ತಲೆಬುರುಡೆಯ ಹಿಂಬದಿಯಲ್ಲಿ ಹೆಬ್ಬೆರಳು ತೂರುವಂಥ ದುಂಡು ತೂತು. ಇನ್ನೊಂದರ ಅರ್ಧವೇ ಇರಲಿಲ್ಲ, ಬಂದೂಕಿನ ಹಿಡಿಕೆಯಿಂದಲೋ ಕಲ್ಲಿನಿಂದಲೋ ಜಜ್ಜಿದ್ದರು. ಅದರ ಮಗ್ಗುಲಿಗೆ ಕೈಗೂಸಿನದೊಂದು. ಬಟ್ಟಲಿನಷ್ಟಿತ್ತು. ಪಕ್ಕದಲ್ಲಿ ಈ ಸೀಮೆಯ ಮೂಲ ಜನ ಪೋಣಿಸುವಂಥ ಕಪ್ಪೆಚಿಪ್ಪಿನ ಮಣಿಗಳು.

ಆ ಬೆಳಿಗ್ಗೆ ಅವಳಿಗೆ ಎಲ್ಲ ಒಟ್ಟಿಗೇ ತಿಳಿಯಿತು. ಕಣಿವೆ ಖಾಲಿ ಇರಲಿಲ್ಲ. ಖಾಲಿ ಮಾಡಿದ್ದರು. ನೀರಿನ ಬದಿಯಲ್ಲಿ ಇದ್ದವರನ್ನು ಕೊಂದು, ಒಂದೇ ಗುಂಡಿಗೆ ಎಸೆದು, ಯಾರೂ ಎಂದೂ ಅಗೆಯದ ಹಾಗೆ ಅದರ ಮೇಲೆ ದೇವರ ಮನೆ ಕಟ್ಟಿದ್ದರು.

ಮೇಲೆ ಬಂದಾಗ ವಾರೆನ್ ಕುಣಿಯ ಅಂಚಿನಲ್ಲಿ ನಿಂತಿದ್ದ. ಕೈಯಲ್ಲಿ ಚಹಾದ ತಟ್ಟೆಯಿತ್ತು.

"ನಿಮಗೆ ಗೊತ್ತಿತ್ತೇ?" ಎಂದು ಕೇಳಿದಳು.

"ಚಾಪೆಲ್ ಕಡೆಗೆ ಗಿಡವನ್ನೂ ನೆಡಬೇಡ ಎಂದಿದ್ದ ಅಜ್ಜ." ಮುದುಕ ತಟ್ಟೆಯನ್ನು ಹುಲ್ಲಿನ ಮೇಲಿಟ್ಟ. "ಯಾಕೆಂದು ಕೇಳಿದ್ದಕ್ಕೆ ಹೊಡೆದ. ಆಮೇಲೆ ನಾನು ಕೇಳಲಿಲ್ಲ. ನೀವು ನೆಟ್ಟಗೆ ಅಗೆಯುತ್ತೀರಿ ಎಂದುಕೊಂಡಿದ್ದೆ."

ಡೇಲ್ ಬಂದು ಇಣುಕಿದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಮುಚ್ಚಿ" ಎಂದ. "ಇಂಡಿಯನ್ನರು. ನಿಮ್ಮಂಥವರಲ್ಲ, ಇಲ್ಲಿಯವರು. ನೂರೈವತ್ತು ವರ್ಷ ಆಗಿದೆ, ಮುಂದಿನ ವಾರ ನನ್ನ ಸಹಿ ಇದೆ. ಆ ಕಡೆ ಬಿಟ್ಟು ಈ ಕಡೆ ಕೊರೆದು ನಿಮ್ಮವನನ್ನು ಕೂರಿಸಿ. ಯಾರೂ ಏನೂ ನೋಡಿಲ್ಲ."

ನಮ್ರತಾ ಫೋನು ಕೈಗೆತ್ತಿಕೊಂಡಳು. "ಅವ್ವ, ವಿ ಹ್ಯಾವ್ ಟು ಕಾಲ್. ಮನುಷ್ಯರ ಬೋನ್ಸ್ ಸಿಕ್ಕರೆ ಪೊಲೀಸಿಗೆ ಹೇಳಬೇಕು, ಇಟ್ಸ್ ದ ಲಾ."

"ಹೇಳಿದ್ರ ಏನಾಗ್ತೈತಿ?"

"ಎಲ್ಲಾ ಸ್ಟಾಪ್ ಮಾಡ್ತಾರೆ. ದೇ ವಿಲ್ ಕ್ಲೋಸ್ ದಿಸ್ ಪ್ಲೇಸ್."

"ಮತ್ತ ನಿಮ್ಮಪ್ಪ?"

ನಮ್ರತಾ ಫೋನಿನ ಮೇಲೆ ಬೆರಳಿಟ್ಟು ನಿಂತಳು.

ಪ್ರೇಮವ್ವ ಗಂಡನ ಕಡೆ ನೋಡಿದಳು. ಬಿಸಿಲು ಏರುತ್ತಿತ್ತು, ಮಲ್ಲಿಗೆ ಬಾಡುತ್ತಿತ್ತು. ಊರೆಲ್ಲ ಹುಡುಕಿ ಸಿಕ್ಕ ಜಾಗ. ಇದು ಬಿಟ್ಟರೆ ಇನ್ನೊಂದಿಲ್ಲ. ಮುಖ ಬಡಗಣಕ್ಕಿದ್ದರೂ ಶಾಸ್ತ್ರಕ್ಕೆ ತಪ್ಪಿಲ್ಲ. ತೆಂಕಣ ಗೋಡೆಯಲ್ಲಿ ಗೂಡು ಕೊರೆದರೆ ಒಂದೆರಡು ಗಂಟೆಯ ಕೆಲಸ. ಸತ್ತವರು ಇಷ್ಟು ವರ್ಷ ಕಾದಿದ್ದಾರೆ, ಇನ್ನೊಂದು ದಿನ ಕಾದಾರು.

"ಫೋನ್ ಇಡು" ಎಂದಳು ಮಗಳಿಗೆ. "ಮೊದಲ ನಿಮ್ಮಪ್ಪ ಕೂಡ್ಲಿ. ನಾಳೆ ಮಾತಾಡೂಣು. ಗುರು, ತೆಂಕಣಕ್ಕ ಹೊಡಿ."

"ಅತ್ತೀ..."

"ಹೊಡಿ ಅಂದ್ನಿ."

ಗುರುಕಿರಣ್ ತಲೆ ತಗ್ಗಿಸಿ ಸಲಿಕೆ ಎತ್ತಿಕೊಂಡ. ಅಲ್ಲಿಗೆ ಮುಗಿಯುತ್ತಿತ್ತು. ಡೇಲ್ ಸುಮ್ಮನಿದ್ದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅವನಿಗೆ ತಡೆಯಲಾಗಲಿಲ್ಲ. ಕುಣಿಯೊಳಗೆ ಹಾರಿ, ಹೊರಗೆ ಉರುಳಿಬಿದ್ದಿದ್ದ ಎಲುಬುಗಳನ್ನು ಬೂಟಿನಿಂದ ಒಳಗೆ ಒದೆಯತೊಡಗಿದ. ಕಸ ನೂಕಿದ ಹಾಗೆ. ಕೈಗೂಸಿನ ಬುರುಡೆ ಅವನ ಹಿಮ್ಮಡಿಯ ಕೆಳಗೆ ಮೊಟ್ಟೆಯ ಸಿಪ್ಪೆಯಂತೆ ಚಟ್ಟೆಂದಿತು.

ಅವಳ ಊರಲ್ಲಿ ಒಬ್ಬರು ಸತ್ತರೆ ಹತ್ತು ವರ್ಷ ಮಾತು ಬಿಟ್ಟವರೂ ಮಣ್ಣಿಗೆ ಹೋಗುತ್ತಾರೆ. ಒಂದು ಹಿಡಿ ಮಣ್ಣು ಹಾಕಿ, ಮುಖ ತಿರುಗಿಸಿಕೊಂಡು ಬರುತ್ತಾರೆ. ಮಣ್ಣು ಕೊಡದೆ ಬಿಡುವುದು ನಾಯಿಯನ್ನು ಮಾತ್ರ.

"ಗುರು, ನಿಲ್ಲಿಸು" ಎಂದಳು. "ಇವ್ರಿಗೆ ಯಾರೂ ಮಣ್ಣ ಕೊಟ್ಟಿಲ್ಲೋ. ಇವ್ರ ಎದಿ ತುಳದು ನಿಮ್ಮ ಮಾಮಾನ್ನ ಹೆಂಗ ಕೂಡ್ರಸಲಿ?" ಆಮೇಲೆ ಮಗಳ ಕಡೆ ತಿರುಗಿ, "ಫೋನ್ ಮಾಡು" ಎಂದಳು.

ನಮ್ರತಾ ನಂಬರು ಒತ್ತಿ, ಜಾಗದ ಹೆಸರು ಹೇಳುವಷ್ಟರಲ್ಲಿ ಡೇಲ್ ಮೇಲೆ ಹತ್ತಿ ಬಂದಿದ್ದ. ಮೊದಲ ಏಟಿಗೆ ಫೋನು ಹುಲ್ಲಿಗೆ ಹಾರಿತು. ಎರಡನೆಯದು ಅವಳ ಬಾಯಿಗೆ ಬಿತ್ತು, ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಜುಟ್ಟು ಹಿಡಿದು ಎಳೆದ. ಗುರುಕಿರಣ್ ಕುಣಿಯಿಂದ ಹತ್ತಿ ಬಂದವನೇ ಸಲಿಕೆಯ ಬೆನ್ನಿನಿಂದ ಡೇಲನ ಹೆಗಲಿಗೆ ಬಾರಿಸಿದ. ಹುಟ್ಟಿದಾಗಿನಿಂದ ಯಾರಿಗೂ ಹೊಡೆದವನಲ್ಲ. ಹೊಡೆದ ಮೇಲೆ ಅವನೇ ಬೆಚ್ಚಿ ನಿಂತ. ಡೇಲ್ ಬಣ್ಣದ ಡಬ್ಬಿಯ ಪಕ್ಕ ಬಿದ್ದಿದ್ದ ಬೇಲಿ ಕಂಬ ಎತ್ತಿ ಬೀಸಿದ. ಗುರುಕಿರಣನ ಮೂಗು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮಂಡಿಯೂರಿದವನ ಪಕ್ಕೆಗೆ ಎರಡು ಒದೆ ಬಿತ್ತು.

"ಬಿಡೋ ಡೇಲ್, ಬಿಡು!" ವಾರೆನ್ ಕೂಗುತ್ತಿದ್ದ.

ಡೇಲ್ ತನ್ನ ಪಿಕಪ್ ಗಾಡಿಯತ್ತ ನಡೆದ. ಬಾಗಿಲು ತೆರೆದು ಒಳಗೆ ಕೈ ಹಾಕಿದ. ಮಗ ಏನು ತೆಗೆಯುತ್ತಾನೆಂದು ಮುದುಕನಿಗೆ ಗೊತ್ತಿತ್ತು. ಓಡಿಹೋಗಿ ಅಡ್ಡ ನಿಂತ, ತೋಳು ಹಿಡಿದ, ಚಾಪೆಲಿನ ಮೆಟ್ಟಿಲವರೆಗೂ ಜೋತುಕೊಂಡು ಬಂದ. "ಅವರು ಹೇಳಲಿ ಬಿಡು. ಯಾರಾದರೂ ಹೇಳಬೇಕಿತ್ತು."

ಡೇಲ್ ತಳ್ಳಿದ. ಕೊಲ್ಲಬೇಕೆಂದು ತಳ್ಳಿದ್ದಲ್ಲ, ಬಟ್ಟೆಗೆ ಹತ್ತಿದ ಮುಳ್ಳು ಕೊಡವುವಂತೆ ತಳ್ಳಿದ. ಮುದುಕ ಹಿಂದಕ್ಕೆ ಬಿದ್ದ. ತಲೆ ಕಲ್ಲುಮೆಟ್ಟಿಲ ಅಂಚಿಗೆ ಬಡಿಯಿತು. ಕಾಲು ಎರಡು ಸಲ ಜಾಡಿಸಿ ಸುಮ್ಮನಾಯಿತು. ಕಿವಿಯಿಂದ ರಕ್ತ ಹರಿದು ಹೊಸ ಬಿಳಿ ಬಣ್ಣದ ಹನಿಗಳ ಜೊತೆ ಸೇರಿತು.

ಅಪ್ಪನನ್ನು ನೋಡಿಯಾದರೂ ಅವನು ನಿಲ್ಲುತ್ತಾನೆಂದುಕೊಂಡಳು ಪ್ರೇಮವ್ವ. ನಿಲ್ಲಲಿಲ್ಲ. ಪಿಸ್ತೂಲು ಎತ್ತಿ, ನಮ್ರತಾಳನ್ನು ಎಳೆದುಕೊಂಡು ಓಡುತ್ತಿದ್ದ ಗುರುಕಿರಣನ ಕಡೆ ಹೊಡೆದ. ಗುರುಕಿರಣ್ ಕೈ ಹಿಡಿದು ಕಿರುಚಿದ. ಬಲಗೈಯ ಎರಡು ಬೆರಳು ಇದ್ದ ಜಾಗದಲ್ಲಿ ಚಿಂದಿಯಷ್ಟೇ ಇತ್ತು. ಇಬ್ಬರೂ ಸಮಾಧಿಕಲ್ಲೊಂದರ ಹಿಂದೆ ಉರುಳಿದರು.

ಪ್ರೇಮವ್ವನಿಗೆ ಹತ್ತಿರವಿದ್ದದ್ದು ವಿಮಾನ. ಗಂಡನ ಬೆನ್ನ ಹಿಂದೆ ಕುಕ್ಕರಿಸಿದಳು. ಹೂವಿನ, ವಿಭೂತಿಯ, ಅದರಡಿಯಲ್ಲಿ ಸಾವಿನ ವಾಸನೆ ಮೂಗಿಗೆ ಹೊಡೆಯಿತು. ಡೇಲ್ ಅವಳನ್ನು ಕಂಡ. ಎದುರಿಗೆ ಬಂದು ಹೊಡೆದ.

ಗುಂಡು ಸಂಗನಬಸಪ್ಪನ ಎದೆಗೆ ತಾಗಿತು. ಮಾಲೆ ಹರಿದು ಹೂ ಚೆಲ್ಲಿತು. ದೇಹ ಒಮ್ಮೆ ಅದುರಿ ಅವಳ ಮೇಲೆ ಒರಗಿತು, ಆದರೆ ಬೀಳಲಿಲ್ಲ. ಅವಳೇ ಬಿಗಿದ ಕಟ್ಟು ಗಟ್ಟಿಯಾಗಿತ್ತು. ಗುಂಡು ಬೆನ್ನುಮೂಳೆಯಲ್ಲಿ ನಿಂತಿತು. ಆಚೆ ಬಂದಿದ್ದರೆ ಅವಳ ಹಣೆಗೆ ಬರುತ್ತಿತ್ತು.

ಡೇಲ್ ಒಂದು ಕ್ಷಣ ಬೆಪ್ಪಾದ. ಎದೆಗೆ ಗುಂಡು ಹೊಡೆಸಿಕೊಂಡ ಮನುಷ್ಯ ಹಣೆಯ ಮೇಲೆ ವಿಭೂತಿ ಬಳಿದುಕೊಂಡು, ತುಟಿ ಬಿಗಿದು, ನೆಟ್ಟಗೆ ಕೂತು ತನ್ನನ್ನೇ ನೋಡುತ್ತಿದ್ದುದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಪಿಸ್ತೂಲಿನ ತುದಿ ಕೆಳಗಿಳಿಯಿತು.

ಆ ಕ್ಷಣ ಸಾಕಾಯಿತು. ಗುರುಕಿರಣ್ ಮೇಲಕ್ಕೆ ಎಸೆದಿದ್ದ ಹಾರೆ ಕುಣಿಯ ಅಂಚಿನಲ್ಲಿ ಬಿದ್ದಿತ್ತು. ನಲವತ್ತು ವರ್ಷ ರೊಟ್ಟಿ ಬಡಿದ ತೋಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮಣಿಕಟ್ಟಿಗೆ ಇಳಿಸಿತು. ಒಣಗಿದ ಕಬ್ಬು ಮುರಿದಂತಾಯಿತು. ಪಿಸ್ತೂಲು ಕುಣಿಯೊಳಗೆ ಬಿತ್ತು. ಅವನು ಬಗ್ಗಿದಾಗ ಮೊಣಕಾಲ ಚಿಪ್ಪಿಗೆ ಇನ್ನೊಂದು ಹಾಕಿದಳು. ಅವನು ಬಿದ್ದು ಹೊರಳಾಡಿದ. ಮೂರನೆಯದಕ್ಕೆ ಹಾರೆ ಅವಳ ತಲೆಯ ಮೇಲಿತ್ತು. ಕೆಳಗೆ ಅವನ ಕೆಂಪು ಮುಖ, ಬಾಯಿ ತೆರೆದಿತ್ತು. ಅವಳಿಗೆ ಹೊಡೆಯಬೇಕಿತ್ತು. ಸುಳ್ಳು ಯಾಕೆ, ಆಸೆಯಾಗಿತ್ತು. ಹೊಟ್ಟೆಯೊಳಗಿಂದ ಎದ್ದ, ಹಸಿವಿನಂಥ ಆಸೆ.

"ಅವ್ವಾ, ಸಾಕು! ಸಾಕವ್ವಾ!"

ನಮ್ರತಾ ಒಡೆದ ಬಾಯಲ್ಲಿ ಕನ್ನಡದಲ್ಲೇ ಕೂಗಿದಳು. ಪ್ರೇಮವ್ವ ಹಾರೆಯನ್ನು ಪಕ್ಕಕ್ಕೆ ಎಸೆದಳು. ಆಮೇಲೆ ವಾರೆನ್ ಹತ್ತಿರ ಹೋಗಿ ಸೆರಗನ್ನು ಮುದ್ದೆ ಮಾಡಿ ಅವನ ತಲೆಗೆ ಒತ್ತಿ ಹಿಡಿದು ಕೂತಳು. ಹುಲ್ಲಿನೊಳಗಿಂದ ನಮ್ರತಾಳ ಫೋನು ಇನ್ನೂ ಹಲೋ ಹಲೋ ಎನ್ನುತ್ತಿತ್ತು. ಆ ಕಡೆಯವರು ಎಲ್ಲ ಕೇಳಿಸಿಕೊಂಡಿದ್ದರು.

ಪೊಲೀಸರು ಬಂದಾಗ ಸೀರೆಯೆಲ್ಲ ರಕ್ತವಾಗಿದ್ದ ಅವಳನ್ನೇ ಮೊದಲು ಬೋರಲು ಹಾಕಿ ಬೇಡಿ ತೊಡಿಸಿದರು. ವಿಷಯ ತಿಳಿದ ಮೇಲೆ ಬಿಚ್ಚಿದರು. ಒಬ್ಬ ಪೊಲೀಸು ವಿಮಾನದ ಮುಂದೆ ನಿಂತು, ಕೂತಿದ್ದವನ ನಾಡಿ ಹಿಡಿದು ನೋಡಿ, ರೇಡಿಯೋದಲ್ಲಿ "ಒಬ್ಬ ಗಂಡಸು, ಎದೆಗೆ ಗುಂಡು, ಸತ್ತಿದ್ದಾನೆ" ಎಂದ.

"ನಾಕು ದಿನಾ ಆತಪ್ಪಾ" ಎಂದಳು ಪ್ರೇಮವ್ವ. ಅವನಿಗೆ ತಿಳಿಯಲಿಲ್ಲ.

ಹನ್ನೆರಡರ ಹೊತ್ತಿಗೆ ರೇಷ್ಮೆ ಶಾಲು, ಅಡುಗೆಯ ಡಬ್ಬಿ ಹಿಡಿದು ಬಂದ ಜನವನ್ನು ಪೊಲೀಸರು ತಾವು ಕಟ್ಟಿದ ಹಳದಿ ಪಟ್ಟಿಯ ಆಚೆಯೇ ನಿಲ್ಲಿಸಿದರು. ಹಿರೇಮಠದವರು ಅಲ್ಲಿಂದಲೇ ಮಂತ್ರ ಹೇಳಲು ಶುರು ಮಾಡಿ, ನಡುವೆಯೇ ನಿಲ್ಲಿಸಿದರು.

ಸಂಗನಬಸಪ್ಪನನ್ನು ಸಾಕ್ಷ್ಯವೆಂದು ಕೌಂಟಿಯವರು ಒಯ್ದರು. ಗುಂಡು ಬೇಕಿತ್ತು, ಅದು ಬೆನ್ನುಮೂಳೆಯೊಳಗಿತ್ತು. ಪ್ರೇಮವ್ವ ಕಟ್ಟಿದ್ದ ಕಟ್ಟನ್ನು ಕತ್ತರಿಸಿದರು, ಕಾಲು ಬಿಡಿಸಿದರು, ಮಲಗಿಸಿ ಗಂಟಲಿಂದ ಕಿಬ್ಬೊಟ್ಟೆಯವರೆಗೆ ಸೀಳಿ ಹೊಲಿದರು. ಇಷ್ಟಲಿಂಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ನಂಬರು 7 ಎಂದು ಬರೆದು ಬೇರೆಯಾಗಿ ಕೊಟ್ಟರು. ದೇಹ ವಾಪಸು ಬಂದಾಗ ಅದನ್ನು ಮತ್ತೆ ಕೂರಿಸುವ ಸ್ಥಿತಿ ಇರಲಿಲ್ಲ. ಹೆಣ ಸಾಗಿಸುವವನು ತಲೆಯಲ್ಲಾಡಿಸಿ, "ಅಮ್ಮಾ, ನೋಡಬೇಡಿ" ಎಂದ. ಅವಳು ನೋಡಿದಳು.

ಚಾಪೆಲಿನ ನೆಲಹಲಗೆ ಕಿತ್ತರು. ಅಡಿಯಲ್ಲಿ ಹದಿನಾಲ್ಕು ಮಂದಿ ಸಿಕ್ಕರು, ಅವರಲ್ಲಿ ಐವರು ಮಕ್ಕಳು. ಆ ಸೀಮೆಯ ಮೂಲ ಜನರ ಕಡೆಯಿಂದ ಬೂದುಗೂದಲಿನ ಹೆಂಗಸೊಬ್ಬಳು ಬಂದು, ಎಲುಬು ಎತ್ತುವವರೆಗೂ ದಿನವೂ ಬೇಲಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬೇಸಿಗೆಯಲ್ಲಿ ಒಂದು ದಿನ ಪ್ರೇಮವ್ವನಿಗೆ ಅವಳ ಫೋನು ಬಂತು.

"ಅವರನ್ನು ಮಣ್ಣಿಗಿಟ್ಟೆವು. ಹಾಡು ಹೇಳಿದೆವು" ಎಂದಳು. ಎಲ್ಲಿ ಎಂದು ಹೇಳಲಿಲ್ಲ, ಪ್ರೇಮವ್ವ ಕೇಳಲೂ ಇಲ್ಲ. ಆಮೇಲೆ ಆ ಕಡೆಯವಳು, "ನಿಮ್ಮವರಿಗೆ ಎಲ್ಲಿ ಜಾಗ ಸಿಕ್ಕಿತು?" ಎಂದು ಕೇಳಿದಳು.

"ಸಿಕ್ಕಿತು" ಎಂದಳು ಪ್ರೇಮವ್ವ.

ವಾರೆನ್ ಮೂರನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಡೇಲ್‌ಗೆ ಜೈಲಾಯಿತು. ಹೊರಗೆ ಬರುವ ಹೊತ್ತಿಗೆ ಮುದುಕನಾಗಿರುತ್ತಾನೆ. ಗುರುಕಿರಣ್ ಉಳಿದ ಮೂರು ಬೆರಳಿನಲ್ಲಿ ಊಟ ಮಾಡುವುದು ಕಲಿತ. ಸಂಗನಬಸಪ್ಪನನ್ನು ಊರ ಮಸಣದಲ್ಲಿ ಪೆಟ್ಟಿಗೆಯೊಳಗೆ ಅಂಗಾತ ಮಲಗಿಸಿ ಇಳಿಸಿದರು. ಎಡಗೈಯಲ್ಲಿ ಲಿಂಗವನ್ನು ಪ್ರೇಮವ್ವ ದಾರದಿಂದ ಕಟ್ಟಿದಳು, ಬೆರಳು ತಾವಾಗಿ ಹಿಡಿಯಲಿಲ್ಲ. ಐವತ್ತು ವರ್ಷ ದಿನ ತಪ್ಪದೆ ಲಿಂಗಪೂಜೆ ಮಾಡಿದ ಮನುಷ್ಯ ತಾನು ಬೇಡಿದ್ದ ಒಂದೇ ಒಂದನ್ನು ಪಡೆಯದೆ ಹೋದ. ಅದನ್ನು ಅವನಿಗೆ ಸಿಗದಂತೆ ಮಾಡಿದ್ದು ಫೋನ್ ಮಾಡು ಎಂದ ಅವನ ಹೆಂಡತಿಯ ಒಂದು ಮಾತು, ಅದು ಅವಳಿಗೆ ಗೊತ್ತು. ಹದಿನಾಲ್ಕು ಮಂದಿಗೆ ತಮ್ಮವರ ಕೈಯಿಂದ ಮಣ್ಣು ಸಿಕ್ಕಿತು. ಅವಳ ಜೀವ ಉಳಿಯಿತು, ಮಗಳ ಜೀವ ಉಳಿಯಿತು. ಗಂಡನಿಗೆ ಕೂರುವ ಜಾಗ ಸಿಗಲಿಲ್ಲ.